ಅಂಬಾಸಡರ್ ಎಂಜಿನ್ನೂ ಸಿಲಿಕೋನ್ ಅಂಟಿನ ಅತಿಪ್ರಶಂಸೆಯೂ

ಹಳೆಯ ಕಾರುಗಳ ದುರಸ್ತಿಯಲ್ಲಿ ಸಿಲಿಕೋನ್ ಅಂಟಿಗೆ ಸಿಕ್ಕಿರುವಷ್ಟು ಪ್ರಶ್ನಾತೀತ ಮನ್ನಣೆ ಬೇರೆ ಯಾವ ಸಾಮಗ್ರಿಗೂ ಸಿಕ್ಕಿಲ್ಲ. ಎಣ್ಣೆ ಸೋರುವುದು ಎಲ್ಲಿಂದಲೇ ಇರಲಿ, ಟ್ಯೂಬ್ ಹಿಂಡಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಬೇರೂರಿದೆ, ಕಾರುಪ್ರಿಯರ ಬರಹಗಳೂ ಅದನ್ನೇ ಅನುಮೋದಿಸುತ್ತ ಬಂದಿವೆ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರು ಬಹುಕಾಲ ಹೊತ್ತಿದ್ದ 1489 ಸಿಸಿಯ ಬಿಎಂಸಿ ಬಿ-ಸರಣಿ ಪೆಟ್ರೋಲ್ ಎಂಜಿನ್ನಿನ ಮಟ್ಟಿಗಂತೂ ಈ ಮನ್ನಣೆಗೆ ಆಧಾರವಿಲ್ಲ.

ಇಲ್ಲಿ ಸಿಲಿಕೋನ್ ಎಂದರೆ ಟ್ಯೂಬಿನಿಂದ ಮೆದುವಾಗಿ ಹೊರಬಂದು, ಗಾಳಿಯಲ್ಲಿನ ತೇವವನ್ನು ಹೀರಿಕೊಂಡು, ಸುಮಾರು ಒಂದು ದಿನದಲ್ಲಿ ರಬ್ಬರಾಗಿ ಗಟ್ಟಿಯಾಗುವ ಅಂಟು. ಅದು 200 ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ತಾಳುತ್ತದೆ, ಸಂದುಗಳನ್ನು ತುಂಬುತ್ತದೆ. ಪ್ಯಾಕಿಂಗೇ ಇಲ್ಲದೆ ಅಂಟನ್ನಷ್ಟೇ ನೆಚ್ಚಿ ರೂಪಿಸಿದ ಇತ್ತೀಚಿನ ಎಂಜಿನ್‌ಗಳಲ್ಲಿ ಅದರ ಆಯ್ಕೆ ಸರಿಯಾದುದೇ. ಬಿ-ಸರಣಿಯ ಎಂಜಿನ್ ಮಾತ್ರ ಕಾರ್ಕ್ ಮತ್ತು ಕಾಗದದ ಪ್ಯಾಕಿಂಗ್‌ಗಳನ್ನು ಲೆಕ್ಕದಲ್ಲಿಟ್ಟು ರೂಪಿಸಿದ್ದು.

ಟ್ಯಾಪೆಟ್ ಕವರ್ ಒಂದನ್ನೇ ಪರಿಶೀಲಿಸಿದರೂ ತೊಡಕಿನ ಸ್ವರೂಪ ತಿಳಿಯುತ್ತದೆ. ವಾಲ್ವುಗಳನ್ನು ಒತ್ತುವ ರಾಕರ್‌ಗಳ ಮೇಲಿನ ಈ ತಗಡಿನ ಮುಚ್ಚಳವನ್ನು ನಡುಸಾಲಿನಲ್ಲಿರುವ ಎರಡೇ ನಟ್ಟುಗಳು ಹಿಡಿದಿಡುತ್ತವೆ. ಮುಚ್ಚಳದ ಅಂಚಿಗೂ ಹೆಡ್ಡಿಗೂ ನಡುವೆ ಕಾರ್ಕ್ ಪ್ಯಾಕಿಂಗ್ ಇರುತ್ತದೆ. ಒತ್ತಿದಾಗ ಕುಗ್ಗಿ, ಮತ್ತೆ ಉಬ್ಬಲು ಹವಣಿಸುವ ಗುಣದಿಂದಲೇ ಕಾರ್ಕ್ ಎಣ್ಣೆಯನ್ನು ತಡೆಯುತ್ತದೆ, ಆ ಗುಣ ಕೆಲಸ ಮಾಡಬೇಕಾದರೆ ಪ್ಯಾಕಿಂಗ್ ಇಟ್ಟ ಜಾಗದಿಂದ ಕದಲಬಾರದು. ಅದರ ಎರಡೂ ಬದಿಗೆ ಹಸಿ ಸಿಲಿಕೋನ್ ಬಳಿದಾಗ, ಗಟ್ಟಿಯಾಗುವ ಮುನ್ನ ಆ ಸಿಲಿಕೋನ್ ಜಾರುಪದಾರ್ಥವಾಗಿ ವರ್ತಿಸುವುದರಿಂದ, ನಟ್ಟು ಬಿಗಿಯುತ್ತ ಹೋದಂತೆ ಕಾರ್ಕ್ ಪಕ್ಕಕ್ಕೆ ಸರಿದು ಒಳಗೋ ಹೊರಗೋ ಚಾಚಿಕೊಳ್ಳುತ್ತದೆ. ಸೋರಿಕೆ ಕಂಡು ಇನ್ನಷ್ಟು ಬಿಗಿದರೆ ತಗಡು ನಡುವೆ ತಗ್ಗಿ ಮೂಲೆಗಳು ಮೇಲೇಳುತ್ತವೆ, ಆ ಸಂದನ್ನು ಮುಚ್ಚಲು ಮತ್ತೂ ದಪ್ಪ ಸಿಲಿಕೋನ್ ಬೇಕಾಗುತ್ತದೆ. ಇದಲ್ಲದೆ, ಈ ಮುಚ್ಚಳವನ್ನು ಒಮ್ಮೆ ಹಾಕಿ ಮರೆಯುವಂತಿಲ್ಲ: ರಾಕರ್‌ಗೂ ವಾಲ್ವಿಗೂ ನಡುವೆ ಇರಬೇಕಾದ 0.015 ಅಂಗುಲದ ಅಂತರವನ್ನು, ಗ್ಯಾರೇಜಿನವರು ಟ್ಯಾಪೆಟ್ ಸೆಟ್ಟಿಂಗ್ ಎನ್ನುವ ಕೆಲಸದಲ್ಲಿ, ಆಗಾಗ ಸರಿಪಡಿಸಬೇಕಾಗುತ್ತದೆ. ಎರಡೂ ಬದಿಗೆ ಅಂಟಿದ ಕಾರ್ಕ್ ಪ್ರತಿ ಸಲವೂ ಹರಿಯುತ್ತದೆ, ಮತ್ತು ಹಳೆಯ ಸಿಲಿಕೋನಿನ ಉಳಿಕೆಯ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ. ತಗಡಿನ ಅಂಚನ್ನು ಮೊದಲು ಸಮಗೊಳಿಸಿ, ಪ್ಯಾಕಿಂಗನ್ನು ಮುಚ್ಚಳದ ಬದಿಗೆ ಮಾತ್ರ ಅಂಟಿಸಿ, ಹೆಡ್ಡಿನ ಬದಿಗೆ ತೆಳುವಾಗಿ ಗ್ರೀಸ್ ಸವರುವ ಹಳೆಯ ಪದ್ಧತಿಯಲ್ಲಿ ಈ ತೊಂದರೆಗಳಾವುವೂ ಇಲ್ಲ. ಅದೇ ಪ್ಯಾಕಿಂಗ್ ಹಲವು ಸಲ ಬಿಚ್ಚಿ ಹಾಕಿದರೂ ಬಾಳುತ್ತದೆ.

ತೆಳುವಾಗಿ ಹಚ್ಚಿದರೆ ಸಿಲಿಕೋನಿನಿಂದ ಹಾನಿಯಿಲ್ಲ ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ಬಿಗಿದಾಗ ಹೊರಕ್ಕೆ ಉಕ್ಕಿದ್ದನ್ನು ಬಟ್ಟೆಯಿಂದ ಒರೆಸಬಹುದು, ಒಳಕ್ಕೆ ಉಕ್ಕಿದ್ದು ಕೈಗೆ ಸಿಗುವುದಿಲ್ಲ ಎಂಬುದನ್ನು ಆ ಸಮರ್ಥನೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆಯಿಲ್ ಚೇಂಬರ್‌ನ ಒಳಅಂಚಿನಲ್ಲಿ ಎಳೆಯಾಗಿ ಗಟ್ಟಿಯಾದ ಸಿಲಿಕೋನ್ ಕಳಚಿ, ಆಯಿಲ್ ಪಂಪಿನ ಸ್ಟ್ರೇನರ್ ಜಾಲರಿಗೆ ಸಿಕ್ಕಿಕೊಂಡರೆ, ಹನಿ ಎಣ್ಣೆ ಉಳಿಸಲು ಹೋಗಿ ಬೇರಿಂಗ್‌ಗಳನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಸಿಲಿಕೋನ್ ಪಕ್ಷವನ್ನು ವಿರೋಧಿಸುವ ಮೂಲನಿಷ್ಠರ ವಾದವನ್ನೂ ಇಡಿಯಾಗಿ ಒಪ್ಪಲಾಗದು. ಕಾರು ತಯಾರಾದ ಕಾಲದಲ್ಲಿ ಬಳಸುತ್ತಿದ್ದುದು ಶೆಲಾಕ್ ಆದ್ದರಿಂದ ಇಂದಿಗೂ ಎಲ್ಲೆಡೆ ಅದೇ ಸಲ್ಲಬೇಕು ಎಂಬುದು ಅವರ ನಿಲುವು. ಚನ್ನಪಟ್ಟಣದ ಆಟಿಕೆಗಳಿಗೆ ಮೆರುಗು ಕೊಡುವ ಅರಗನ್ನೇ ಶುದ್ಧಗೊಳಿಸಿ ಮದ್ಯಸಾರದಲ್ಲಿ ಕರಗಿಸಿದರೆ ಸಿಗುವ ಈ ಕಂದು ದ್ರವ ಎಣ್ಣೆಗೂ ಶುದ್ಧ ಪೆಟ್ರೋಲಿಗೂ ಜಗ್ಗುವುದಿಲ್ಲ, ಟ್ಯಾಪೆಟ್ ಕವರ್‌ನ ಒಂದು ಬದಿಗೆ ಕಾರ್ಕ್ ಅಂಟಿಸಲು ಅದಕ್ಕಿಂತ ತಕ್ಕದ್ದು ಅಪರೂಪ. ಆದರೆ ಮದ್ಯಸಾರದಲ್ಲಿ ಕರಗುವ ವಸ್ತು ಎಥನಾಲ್ ಬೆರೆತ ಇಂಧನದೆದುರು ನಿಲ್ಲುವುದು ಹೇಗೆ? ಶೇ. 20ರಷ್ಟು ಎಥನಾಲ್ ಇರುವ ಪೆಟ್ರೋಲ್ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿರುವಾಗ, ಕಾರ್ಬ್ಯುರೇಟರ್ ಮತ್ತು ಪೆಟ್ರೋಲ್ ಪಂಪಿನ ಜೋಡಣೆಗೆ ಶೆಲಾಕ್ ಹಚ್ಚುವುದು ಕಾರಿನ ಚರಿತ್ರೆಗೆ ತೋರುವ ಗೌರವವಾಗದು; ಅದು ನೇರ ಅಪಾಯ. ಸಿಲಿಕೋನಂತೂ ಪೆಟ್ರೋಲಿನಲ್ಲಿ ಊದಿಕೊಂಡು ಮೆತ್ತಗಾಗುವುದರಿಂದ ಅಲ್ಲಿ ಅದಕ್ಕೂ ಎಡೆಯಿಲ್ಲ. ಅಂತಾರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟವಾದ ಫಿವಾ ಅಂಗೀಕರಿಸಿದ ಟ್ಯೂರಿನ್ ಸನ್ನದನ್ನು ಮೂಲನಿಷ್ಠರು ಮೇಲಿಂದ ಮೇಲೆ ಉಲ್ಲೇಖಿಸುತ್ತಾರೆ. ಆದರೆ ಅನಿವಾರ್ಯವಾಗಿ ಮಾಡಿದ ಬದಲಾವಣೆಯನ್ನು ಮುಂದೆ ಹಿಂತೆಗೆಯಲು ಬರುವಂತಿರಬೇಕೆಂಬ ಅದರ ಆಶಯಕ್ಕೆ ಅವರ ಚರ್ಚೆಯಲ್ಲಿ ಸಿಗಬೇಕಾದ ತೂಕ ಸಿಕ್ಕಿಲ್ಲ. ಅಂಟಿನ ಆಯ್ಕೆಗೆ ಬೇಕಾದ ಅಳತೆಗೋಲು ಅದೇ: ಮುಂದೆ ಬಿಚ್ಚುವವನ ಕೈಯಲ್ಲಿ ಲೋಹಕ್ಕೂ ಪ್ಯಾಕಿಂಗಿಗೂ ಗಾಯವಾಗದೆ ಜೋಡಣೆ ಕಳಚಬೇಕು.

ಆ ಅಳತೆಗೆ ಹತ್ತಿರ ಬರುವುದು ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುವ ಪಾಲಿಯುರೆಥೇನ್ ಲೇಪ. ರೋಲ್ಸ್-ರಾಯ್ಸ್‌ನ ವಿಮಾನ ಎಂಜಿನ್‌ಗಳಿಗಾಗಿ ಬ್ರಿಟನ್ನಿನಲ್ಲಿ ರೂಪುಗೊಂಡ ಹೈಲೋಮಾರ್ ಈ ಬಗೆಯದು. ಅದು ಎಣ್ಣೆ, ನೀರು, ಪೆಟ್ರೋಲ್ ಮೂರನ್ನೂ ತಡೆಯುತ್ತದೆ. ಟೈಮಿಂಗ್ ಕವರ್‌ನ ಕಾಗದದ ಪ್ಯಾಕಿಂಗಿಗೆ ಪೊರೆಯಷ್ಟು ತೆಳುವಾಗಿ ಸವರಿದರೆ ಸಾಕು, ವರ್ಷಗಳ ನಂತರವೂ ಕೆರೆಯದೆ ಬಿಚ್ಚಬಹುದು. ಡೊಂಕಾದ ತಗಡನ್ನು ಅದು ಮರೆಮಾಡಲಾರದು ಎಂಬುದು ಅದರ ಮೇಲಿರುವ ದೂರು. ಡೊಂಕನ್ನು ಮೊದಲು ತಿದ್ದುವಂತೆ ಮೆಕ್ಯಾನಿಕ್ಕನನ್ನು ಒತ್ತಾಯಿಸುವ ವಸ್ತುವಿನಲ್ಲಿ ಅದು ದೋಷವಾಗಲಾರದು.

ಸಿಲಿಕೋನ್ ಪಕ್ಷದ ಅತಿಭರವಸೆ ಪೂರ್ತಿಯಾಗಿ ಕುಸಿಯುವುದು ಎಂಜಿನ್ನಿನ ಹಿಂಬದಿಯಲ್ಲಿ. ಅಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೇಲೆ ಕೊರೆದ ತಿರುಪಿನ ಗೀರುಗಳು ತಿರುಗುತ್ತ, ಹೊರಗೆ ಹೊರಟ ಎಣ್ಣೆಯನ್ನು ಒಳಕ್ಕೆ ತಳ್ಳುತ್ತವೆ. ತಿರುಗುವ ಶಾಫ್ಟಿಗೂ ಗೂಡಿಗೂ ನಡುವಿನ ಆ ತೆರಪು ಬೇಕೆಂದೇ ಬಿಟ್ಟದ್ದಾದ್ದರಿಂದ ಅಲ್ಲಿ ಹಚ್ಚಬಹುದಾದ ಅಂಟು ಯಾವುದೂ ಇಲ್ಲ. ಸವೆದ ರಿಂಗುಗಳ ಮೂಲಕ ಇಳಿದ ಅನಿಲ ಒಳಗಿನ ಒತ್ತಡ ಹೆಚ್ಚಿಸಿದಾಗ, ಅಥವಾ ಬ್ರೀದರ್ ಕೊಳವೆ ಮಸಿಯಿಂದ ಕಟ್ಟಿಕೊಂಡಾಗ, ಎಣ್ಣೆ ಆ ದಾರಿಯಿಂದ ಕ್ಲಚ್‌ನ ಕಡೆಗೆ ಹರಿಯುತ್ತದೆ. ಬ್ರೀದರ್ ಶುಚಿಗೊಳಿಸದೆ, ರಿಂಗುಗಳ ಸ್ಥಿತಿ ನೋಡದೆ, ಆಯಿಲ್ ಚೇಂಬರ್‌ನ ಅಂಚಿಗೆ ಹೊರಗಿನಿಂದ ಮೆತ್ತಿದ ಸಿಲಿಕೋನ್ ಈ ಸೋರಿಕೆಯನ್ನು ತಡೆಯುವುದೂ ಇಲ್ಲ, ಅದರ ಕಾರಣವನ್ನು ಹುಡುಕಲು ಬಿಡುವುದೂ ಇಲ್ಲ.