ಕಬ್ಜಾ: ಒಂದು ಸುದ್ದಿಪದದ ಕಥೆ

2010ರ ದಶಕದ ಹೈದರಾಬಾದಿನ ತೆಲುಗು ಪತ್ರಿಕೆಗಳಲ್ಲಿ ಪದೇ ಪದೇ ಎದುರಾಗುವ ಪದ ‘ಕಬ್ಜಾ’. ಮೂಲದಲ್ಲಿ ಅದು ಬೈಗುಳವಲ್ಲ. ಮುಷ್ಟಿಯಲ್ಲಿ ಹಿಡಿಯುವುದು ಎಂಬ ಅರ್ಥದ ಈ ಅರಬ್ಬಿ ಪದ ಫಾರಸಿ, ಉರ್ದುಗಳ ಮೂಲಕ ನಿಜಾಮರ ಕಂದಾಯ ಕಚೇರಿ ಸೇರಿತು. ಅಲ್ಲಿ ಅದರ ಅರ್ಥ ಸ್ವಾಧೀನ, ಅಷ್ಟೆ. ನಿಜಾಮರ ಆಳ್ವಿಕೆಗೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರು ಕಡೆ ಹೊಲ ಯಾರ ಕಬ್ಜಾದಲ್ಲಿದೆ ಎಂದು ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಪದಕ್ಕೆ ಕಳಂಕ ಅಂಟಿದ್ದು ಪೇಟೆಯಲ್ಲಿ. ಖಾಲಿ ನಿವೇಶನಕ್ಕೆ ರಾತ್ರೋರಾತ್ರಿ ಕಲ್ಲುಕಂಬ ನೆಟ್ಟು ಬೇಲಿ ಹಾಕುವವರ ಮಾತಾಗಿ, ಅಲ್ಲಿಂದ ವರದಿಗಾರರ ಬಾಯಿಗೆ ಬಂತು.

ತಲೆಬರಹಕ್ಕೆ ಇಷ್ಟು ಚಿಕ್ಕ, ಇಷ್ಟು ಗಡುಸಾದ ಪದ ಇನ್ನೊಂದು ಸಿಗುವುದು ಕಷ್ಟ. ಭೂಕಬ್ಜಾ, ಚೆರುವು (ಕೆರೆ) ಕಬ್ಜಾ, ಕಬ್ಜಾಕೋರು ಎಂದು ಅದರ ಸಂತಾನ ಬೆಳೆಯಿತು. ಈ ‘ಕೋರು’ ಕನ್ನಡದ ಲಂಚಕೋರನಲ್ಲೂ ಇದೆ. ಫಾರಸಿಯಲ್ಲಿ ಅದು ತಿನ್ನುವವನು. ಕನ್ನಡ ಪತ್ರಿಕೆಗಳಂತೂ ಮೊದಲಿನಿಂದ ಬಾಯಿಯನ್ನೇ ನಂಬಿದವು: ಕಬಳ, ಅಂದರೆ ತುತ್ತು, ಅದರಿಂದ ಕಬಳಿಕೆ, ಇನ್ನೂ ಸಲಿಗೆಯಲ್ಲಿ ‘ಕೆರೆ ಗುಳುಂ’. ಕಬ್ಜಾ, ಕಬಳಿಕೆ ಎರಡೂ ಒಂದೇ ಬೇರಿನವು ಎಂದು ಕಿವಿಗೆ ಅನ್ನಿಸುತ್ತದೆ, ನಂಟೇನೂ ಇಲ್ಲ. ಮುಷ್ಟಿಯಲ್ಲಿದ್ದುದನ್ನು ಬಿಡಿಸಿಕೊಳ್ಳಬಹುದು, ನುಂಗಿದ್ದು ಹೋಯಿತು. ಈ ವ್ಯತ್ಯಾಸವನ್ನು ಎರಡೂ ಭಾಷೆಯ ಸುದ್ದಿಮನೆಗಳು ಗಮನಿಸಿದಂತಿಲ್ಲ.

ಪದದ ಮಿತಿ ಎದ್ದು ಕಂಡದ್ದು ಹೈದರಾಬಾದಿನ ಮಿಯಾಪುರದಲ್ಲಿ. 2017ರ ಮೇ ತಿಂಗಳಲ್ಲಿ ಅಲ್ಲಿನ ಸುಮಾರು 693 ಎಕರೆ ಸರ್ಕಾರಿ ಜಮೀನು ಖಾಸಗಿಯವರ ಹೆಸರಿಗೆ ನೋಂದಣಿಯಾಗಿರುವ ಸಂಗತಿ ಹೊರಬಿತ್ತು. ಹಿಂದೆ ನಿಜಾಮರ ಕಾಲದ ಪಾಯಿಗಾ ಎಂಬ ಶ್ರೀಮಂತ ಮನೆತನಕ್ಕೆ ಸೇರಿದ್ದೆನ್ನಲಾದ, ದಶಕಗಳಿಂದ ಕೋರ್ಟು ಸುತ್ತಿದ ಭೂಮಿ ಅದು. ಉಪನೋಂದಣಾಧಿಕಾರಿಯೊಬ್ಬರ ಬಂಧನವಾಯಿತು, ತನಿಖೆ ನಡೆಯಿತು. ಸುದ್ದಿಗಳಲ್ಲಿ ಇದಕ್ಕೂ ‘ಕಬ್ಜಾ’ ಎಂಬ ಹೆಸರೇ. ಆದರೆ ಅಲ್ಲಿ ಯಾರೂ ಬೇಲಿ ಹಾಕಿರಲಿಲ್ಲ. ನಡೆದದ್ದೆಲ್ಲ ಛಾಪಾ ಕಾಗದದ ಮೇಲೆ. ಜಮೀನು ಕೈತಪ್ಪಿಲ್ಲ ಎಂದು ಸರ್ಕಾರ ಹೇಳಿಕೊಂಡದ್ದೂ ಇದೇ ನೆಲೆಯಲ್ಲಿ. ಓದುಗನಿಗೆ ಬೇಕಿದ್ದ ವಿವರ ಬೇರೆ: ಕ್ರಯಪತ್ರ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ನಿಷೇಧಿತ ಸರ್ವೆ ನಂಬರುಗಳ ಪಟ್ಟಿಯನ್ನು ಯಾರು ನೋಡಲಿಲ್ಲ, ಮುದ್ರಾಂಕ ಶುಲ್ಕದ ಲೆಕ್ಕವೇನು. ರೌಡಿಯ ಚಿತ್ರ ಕಟ್ಟಿಕೊಡುವ ಪದವೊಂದು ಗುಮಾಸ್ತನ ಕೆಲಸವನ್ನು ಮರೆಮಾಡಿತು.

2024ರ ಜೂನ್‌ನಲ್ಲಿ ಅದೇ ಮಿಯಾಪುರದ ಸರ್ಕಾರಿ ಜಮೀನಿಗೆ ಸಾವಿರಾರು ಜನ ನುಗ್ಗಿದರು. ಮನೆಯಿಲ್ಲದವರು, ಜಾಗ ಸಿಗುತ್ತದೆಂಬ ಮಾತು ಕೇಳಿ ಬಂದವರು. ಪೊಲೀಸರ ಮೇಲೆ ಕಲ್ಲು ಬಿತ್ತು, 144ನೇ ಸೆಕ್ಷನ್ ಜಾರಿಯಾಯಿತು. ಮುಷ್ಟಿಯ ಅರ್ಥದಲ್ಲಿ ಇದೇ ನಿಜವಾದ ಕಬ್ಜಾ ಯತ್ನ. 693 ಎಕರೆಯ ಕಾಗದದಾಟಕ್ಕೂ ಒಂದು ಗುಡಿಸಲಿನ ಜಾಗದ ಆಸೆಗೂ ಒಂದೇ ಹೆಸರಿಡುವ ಪತ್ರಿಕೋದ್ಯಮವನ್ನು ನಿಷ್ಪಕ್ಷಪಾತವೆಂದು ಕರೆಯಲಾಗದು. ಅದು ಸೋಮಾರಿತನ.

ಕಾನೂನು ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. ಅವಿಭಜಿತ ಆಂಧ್ರಪ್ರದೇಶದ 1982ರ ಭೂಕಬಳಿಕೆ ನಿಷೇಧ ಕಾಯ್ದೆ, ನೆಲಕ್ಕೆ ಕಾಲಿಡುವುದನ್ನಷ್ಟೇ ಅಲ್ಲ, ಅಕ್ರಮ ಗೇಣಿ, ಗುತ್ತಿಗೆ ಕರಾರುಗಳನ್ನೂ ಕಬಳಿಕೆಯೆಂದೇ ಎಣಿಸಿತು. ಕರ್ನಾಟಕದಲ್ಲಿ, ಬೆಂಗಳೂರಿನ ಒತ್ತುವರಿ ಕುರಿತ ಎ.ಟಿ. ರಾಮಸ್ವಾಮಿ ಸಮಿತಿಯ ವರದಿ ಮತ್ತು ಸರ್ಕಾರಿ ಜಮೀನಿನ ಒತ್ತುವರಿ ಕುರಿತ 2011ರ ವಿ. ಬಾಲಸುಬ್ರಮಣಿಯನ್ ವರದಿಯಿಂದಾಗಿ ಕನ್ನಡ ವರದಿಗಾರಿಕೆಗೆ ‘ಒತ್ತುವರಿ’ ಎಂಬ ನೀರಸ ಪದ ಇನ್ನಷ್ಟು ರೂಢಿಯಾಯಿತು. ತಲೆಬರಹದಲ್ಲಿ ಅದು ಮಿಂಚುವುದಿಲ್ಲ, ನಿಜ. ಆದರೆ ಅದರ ಬೆನ್ನಿಗೇ ಸರ್ವೆ ನಂಬರು, ಎಕರೆ, ಗುಂಟೆ ಬರಲೇಬೇಕು.

‘ಕಬ್ಜಾ’ ಈಚೆಗೆ ಕನ್ನಡದ ಅಪರಾಧ ಸುದ್ದಿಗಳಲ್ಲೂ ಓಡಾಡುತ್ತಿದೆ. 2023ರಲ್ಲಿ ಉಪೇಂದ್ರ ನಟಿಸಿದ ‘ಕಬ್ಜ’ ಚಿತ್ರ ಬಂತು. ಕಥೆ ಭೂಗತ ಲೋಕದ್ದು, ಪಹಣಿಯ ಮಾತಿಲ್ಲ.