ಘಟ್ಟ ಇಳಿಯಬೇಕಾದ ಡಬ್ಬಿ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಬೆಂಗಳೂರಿನ ಹುಳಿಮಾವು, ಅರೆಕೆರೆ, ಬಿಟಿಎಂ ಲೇಔಟ್‌ಗಳಲ್ಲಿ ನೆಲೆಸಿರುವ ಕರಾವಳಿಯ ಕ್ಯಾಥೊಲಿಕ್ ಕುಟುಂಬಗಳು ಊರಿಗೆ ಹೊರಡುವ ಲೆಕ್ಕಾಚಾರದಲ್ಲಿರುತ್ತವೆ. ಬನ್ನೇರುಘಟ್ಟ ರಸ್ತೆಯಿಂದ ನೈಸ್ ರಸ್ತೆ ಹಿಡಿದು, ನೆಲಮಂಗಲ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಮಂಗಳೂರು; ಸುಮಾರು 350 ಕಿಲೋಮೀಟರಿನ ದಾರಿ. 24ರ ಸಂಜೆ ಮನೆ ಸೇರುವುದು, ರಾತ್ರಿಯ ಬಲಿಪೂಜೆ, ಮರುದಿನದ ಊಟ, ಪಣಂಬೂರು ಅಥವಾ ಮಲ್ಪೆಯ ಕಡಲತೀರದಲ್ಲಿ ಒಂದು ಸಂಜೆ, ಕೈಯಲ್ಲಿ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬಿ ಹಿಡಿದು ವಾಪಸು ಪ್ರಯಾಣ. ಈ ಕ್ರಮ ಎಷ್ಟು ರೂಢಿಯಾಗಿದೆಯೆಂದರೆ, ಊರಿಗೆ ಹೋದದ್ದೇ ಹಬ್ಬ ಮಾಡಿದಂತೆ ಎಂದು ನಾವು ನಂಬಿಬಿಟ್ಟಿದ್ದೇವೆ. ಆದರೆ ಕರಾವಳಿಯ ಕ್ರಿಸ್ಮಸ್ಸಿನ ಸತ್ವ ಇರುವುದು ಸೇರಿ ಉಣ್ಣುವುದಕ್ಕಿಂತ ಹೆಚ್ಚಾಗಿ ಸೇರಿ ದುಡಿಯುವುದರಲ್ಲಿ. ಆ ದುಡಿಮೆಯಲ್ಲಿ ಪಾಲಿಲ್ಲದೆ ಫಲಕ್ಕೆ ಮಾತ್ರ ಹಾಜರಾಗುವ ಈಗಿನ ರೂಢಿ ಹಬ್ಬವನ್ನು ಒಳಗಿನಿಂದ ಸೊರಗಿಸುತ್ತಿದೆ.

ಕುಸ್ವಾರನ್ನೇ ನೋಡಿ. ಕಿಡ್ಯೊ ಮಾಡಲು ಕಲಸಿದ ಹಿಟ್ಟಿನಿಂದ ಚಿಟಿಕೆಯಷ್ಟು ತೆಗೆದು, ಫೋರ್ಕಿನ ಬೆನ್ನಿಗೋ ತೊಳೆದಿಟ್ಟ ಹೊಸ ಬಾಚಣಿಗೆಗೋ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಬೇಕು. ಹಾಗೆ ಒಂದೊಂದಾಗಿ ನೂರಾರು ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ನೆವ್ರಿಗೆ ಎಳ್ಳು ಹುರಿದು, ಕಾಯಿತುರಿ, ಸಕ್ಕರೆ, ಏಲಕ್ಕಿ ಕೂಡಿಸಿ ಹೂರಣ ತುಂಬಿ, ಬಾಯಿ ಬಿಡದ ಹಾಗೆ ಅಂಚು ಒತ್ತಬೇಕು. ಗುಳಿಯೊ ಆದರೆ ಅಕ್ಕಿಹಿಟ್ಟು, ತೆಂಗಿನ ಹಾಲು ಸೇರಿಸಿ ಗೋಲಿಯಷ್ಟು ಗಾತ್ರಕ್ಕೆ ಉರುಟಬೇಕು. ಇವು ಯಾವುವೂ ಒಬ್ಬರ ಕೈಯಲ್ಲಿ ಬೇಗ ಮುಗಿಯುವ ಕೆಲಸವಲ್ಲ. ನಾಲ್ಕು ಜನ ಚಾಪೆ ಹಾಸಿ ಕುಳಿತು ಮಾತಾಡುತ್ತಾ ಮಾಡಿದರೆ ಮಾತ್ರ ಹಗುರ. ಕಿಡ್ಯೊ ಸುತ್ತಲು ಮಕ್ಕಳ ಪುಟ್ಟ ಬೆರಳೂ ಸಾಕು, ನಡುಗುವ ಮುದಿ ಕೈಯೂ ಆದೀತು. ಹೀಗೆ ಎಲ್ಲ ವಯಸ್ಸಿನವರನ್ನೂ ಒಂದೇ ಚಾಪೆಗೆ ಎಳೆದು ಕೂರಿಸುವುದು ಈ ತಿಂಡಿಗಳ ರಚನೆಯಲ್ಲೇ ಇದೆ.

ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪವಾದ ಗೋದಲಿಯದೂ ಇದೇ ಕಥೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಯೇಸುವಿನ ಜನನದ ದೃಶ್ಯವನ್ನು ಜನರ ಕಣ್ಣೆದುರು ನಿಲ್ಲಿಸಿದಾಗ, ಅದು ಬಡವರಿಗೂ ಕೈಗೆಟುಕುವ ಭಕ್ತಿಯ ರೂಪವಾಯಿತು. ನಮ್ಮ ಕಡೆ ಅದಕ್ಕೆ ಒಣಹುಲ್ಲು, ಮಣ್ಣು, ಕಲ್ಲು ಸೇರಿದವು. ತಟ್ಟೆಯಲ್ಲಿ ಮೊಳಕೆ ಬರಿಸಿದ ಭತ್ತವೋ ರಾಗಿಯೋ ಬೆತ್ಲೆಹೇಮಿನ ಸುತ್ತಲ ಗದ್ದೆಯಾಯಿತು. 25ಕ್ಕೆ ಆ ಪೈರು ಹಸಿರಾಗಿ ನಿಲ್ಲಬೇಕಾದರೆ ಸುಮಾರು ಹತ್ತು ದಿನ ಮೊದಲೇ ಬೀಜ ಬಿತ್ತಿ, ದಿನವೂ ನೀರು ಚಿಮುಕಿಸಬೇಕು. 24ರ ಸಂಜೆ ಬಂದವರು ಅದನ್ನು ನೋಡಬಹುದೇ ಹೊರತು ಬೆಳೆಸಲಾರರು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಚರ್ಚು ಆಗಮನ ಕಾಲವೆಂದು ಆಚರಿಸುವುದೂ ಕಾಯುವುದಕ್ಕೆ, ಅಣಿಗೊಳ್ಳುವುದಕ್ಕೆ. ಗದ್ದೆಯ ತಟ್ಟೆಯಲ್ಲಿ, ಅಡುಗೆಮನೆಯ ಚಾಪೆಯ ಮೇಲೆ ನಡೆಯುವ ಕೆಲಸ ಆ ಕಾಯುವಿಕೆಯದೇ ಮುಂದುವರಿಕೆ. ಮುಂಬಾಗಿಲಲ್ಲಿ ಹತ್ತಿಯ ಹಿಮ ಹೊದ್ದ ಪ್ಲಾಸ್ಟಿಕ್ ಮರವನ್ನು ಒಂದೇ ಗಂಟೆಯಲ್ಲಿ ನಿಲ್ಲಿಸಬಹುದು. ಮೂವತ್ತು ಡಿಗ್ರಿ ದಾಟುವ ಮಂಗಳೂರಿನ ಹಗಲಿನಲ್ಲಿ ಅದು ಅಲಂಕಾರವಾದೀತು. ಗೋದಲಿಯ ಜಾಗವನ್ನು ತುಂಬಲಾರದು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ನಾನು ಕೊಂಡಾಡುತ್ತಿರುವ ಈ ದುಡಿಮೆ ಯಾರದು? ಅಜ್ಜಿಯದು, ಅಮ್ಮನದು, ಸೊಸೆಯದು. ಒಲೆ ಮುಂದೆ ಬೆವರುವವರು ಅವರು, ಜಗಲಿಯಲ್ಲಿ ಹರಟುವವರು ಗಂಡಸರು. ಅಂಗಡಿಯ ಕುಸ್ವಾರು ಬಂದದ್ದೇ ಅವರಿಗೆ ಬಿಡುಗಡೆ ಎಂದು ಹೇಳುವವರ ಮಾತು ಸುಳ್ಳಲ್ಲ. ಮನೆಯಲ್ಲೇ ಮಾಡಿ ಮಾರುವ ಹೆಂಗಸರಿಗೆ ಅದರಿಂದ ನಾಲ್ಕು ಕಾಸೂ ಸಿಗುತ್ತದೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ. ಬೆಂಗಳೂರಿನಿಂದ ಮಕ್ಕಳು ಹಬ್ಬದ ಮುನ್ನಾದಿನವಷ್ಟೇ ಬಂದಿಳಿಯುವ ಮನೆಯಲ್ಲಿ ಆ ಹೊರೆ ಇಳಿದಿಲ್ಲ, ಊರಲ್ಲಿ ಉಳಿದ ಇಬ್ಬರು ಮುದುಕರ ಮೇಲೆ ಇನ್ನಷ್ಟು ಬಿದ್ದಿದೆ. ಸಾನ್ನಾಂಗೆ ಅಕ್ಕಿ ನೆನೆಹಾಕಿ ರುಬ್ಬುವುದು, ಹಂದಿಮಾಂಸದ ಬಫಾತಿಗೆ ಮಸಾಲೆ ಅಣಿ ಮಾಡುವುದು, ಹಾಸಿಗೆ ಒಗೆದು ಕೋಣೆ ಸಿದ್ಧ ಮಾಡುವುದು ಎಲ್ಲವೂ ಅವರ ಪಾಲಿಗೇ. ಕಷ್ಟದ ತಿಂಡಿಗಳನ್ನು ಕೊಳ್ಳೋಣ, ತಪ್ಪಿಲ್ಲ. ಒಂದನ್ನಾದರೂ ಗಂಡಸರೂ ಮಕ್ಕಳೂ ಸೇರಿ ಮಾಡಲಿ.

ರಜೆ ಎಲ್ಲಿದೆ ಎಂಬುದು ಎರಡನೆಯ ಪ್ರಶ್ನೆ. ಐಟಿ ಕಂಪನಿಯಲ್ಲೋ ಆಸ್ಪತ್ರೆಯಲ್ಲೋ ದುಡಿಯುವವರು ಹತ್ತು ದಿನ ಮೊದಲೇ ಊರಿಗೆ ಹೋಗಲಾರರು, ನಿಜ. ಆದರೆ ದೂರವಿದ್ದೂ ಪಾಲುಗೊಳ್ಳುವ ದಾರಿಯನ್ನು ಈ ಸಮುದಾಯ ಆಗಲೇ ಬಲ್ಲದು. ಸೆಪ್ಟೆಂಬರ್ 8ರ ತೆನೆಹಬ್ಬವಾದ ಮೊಂತಿ ಫೆಸ್ತಿನಲ್ಲಿ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಬರಲಾಗದವರಿಗೂ ಕಳಿಸಿಕೊಡುವ ಪದ್ಧತಿಯಿದೆ. ಕುಸ್ವಾರು ಅದಕ್ಕಿಂತಲೂ ಸುಲಭವಾಗಿ ಪ್ರಯಾಣ ಮಾಡುವ ವಸ್ತು. ಹೆಚ್ಚಿನವು ಕರಿದ ಒಣ ತಿಂಡಿಗಳು, ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತವೆ. ಬೆಂಗಳೂರಿನ ಡಿಸೆಂಬರಿನ ಒಣ ಹವೆಯಲ್ಲಿ, ಕಡಲ ತೇವದಲ್ಲಿ ಮೆತ್ತಗಾಗುವಷ್ಟು ಬೇಗ ಮೆತ್ತಗಾಗುವುದೂ ಇಲ್ಲ. ಹುಳಿಮಾವಿನ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಕುಳಿತು ಕಿಡ್ಯೊ ಸುತ್ತಿದರೆ, ಊರಿನ ಅಡುಗೆಮನೆಯಲ್ಲಿ ಅಷ್ಟು ಕೆಲಸ ಇಳಿಯುತ್ತದೆ, ಅಜ್ಜಿಯ ಅಳತೆ ಮೊಮ್ಮಗನ ಕೈಗೆ ದಾಟುತ್ತದೆ. ಇಷ್ಟು ವರ್ಷ ಡಬ್ಬಿ ಘಟ್ಟ ಹತ್ತಿದ್ದೇ ಆಯಿತು; ಈಗ ಅದು ತುಂಬಿಕೊಂಡು ಇಳಿಯಬೇಕು.

ಸಮುದ್ರತೀರದಲ್ಲಿ ಎಲ್ಲರೂ ಒಟ್ಟಿಗೆ ಕಳೆಯುವ ಸಂಜೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಆ ಸಂಜೆ ಒಳ್ಳೆಯದೇ, ಅದನ್ನು ಬಿಡಬೇಕಿಲ್ಲ. ಆದರೆ ಕಡಲು ಏಪ್ರಿಲ್ಲಿನಲ್ಲೂ ಇರುತ್ತದೆ, ಹೋಂಸ್ಟೇ ಯಾರಿಗಾದರೂ ಸಿಗುತ್ತದೆ. ನೆರೆಮನೆಗೆ ಕುಸ್ವಾರಿನ ತಟ್ಟೆ ಒಯ್ಯುವ ಅವಕಾಶ ಡಿಸೆಂಬರಿನಲ್ಲಿ ಮಾತ್ರ. ಆ ತಟ್ಟೆಯಲ್ಲಿರುವ ಚಕ್ಕುಲಿ ದೀಪಾವಳಿ ಮಾಡುವ ಮನೆಯದೂ ಹೌದು. ನೆವ್ರಿ ನೋಡಿದರೆ ಕರ್ಜಿಕಾಯಿಯ ಒಡಹುಟ್ಟು. ಗೋವೆಯಿಂದ ಬಂದು ತುಳುನಾಡಿನ ಮಣ್ಣಿಗೆ ಒಗ್ಗಿದ ಜನ ನೆರೆಯವರ ಜೊತೆ ಕಟ್ಟಿಕೊಂಡ ಸಂಬಂಧ ಆ ತಟ್ಟೆಯ ಮೇಲಿದೆ. ಹಬ್ಬದ ತಿಂಡಿ ಕೊಟ್ಟವರಿಗೆ ಹಬ್ಬದ ತಿಂಡಿಯನ್ನೇ ಮರಳಿಸುವ ಈ ಕ್ರಮದಲ್ಲಿ ಮನೆಯವರ ಕೈಕೆಲಸ ಬೆರೆತಾಗಲೇ ಅದಕ್ಕೆ ತೂಕ. ಆದ್ದರಿಂದ ಊರಿಗೆ ಹೋಗುವ ಟಿಕೆಟ್ ಕಾದಿರಿಸುವ ದಿನವೇ ಮನೆಯವರೊಂದಿಗೆ ಇನ್ನೊಂದು ಮಾತೂ ಇತ್ಯರ್ಥವಾಗಲಿ: ಈ ಸಲದ ಕುಸ್ವಾರಿನಲ್ಲಿ ನಮ್ಮ ಪಾಲಿನ ಕೆಲಸ ಯಾವುದು? ಆ ಪ್ರಶ್ನೆಗೆ ಉತ್ತರವಿರುವ ಮನೆಯಲ್ಲಿ ಕರಾವಳಿಯ ಕ್ರಿಸ್ಮಸ್ ಇನ್ನೊಂದು ತಲೆಮಾರು ಬಾಳುತ್ತದೆ.