ಅಲರ್ಟ್ ಬರಲಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತಲ್ಲ

ನಮ್ಮೂರಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಬರ್ತಿದ್ದದ್ದೇ ರಾತ್ರಿ ಹೊತ್ತು. ಅಪ್ಪ ಮೋಟರ್ ಆನ್ ಮಾಡಿ ಪಕ್ಕದಲ್ಲೇ ಮಲಗ್ತಿದ್ರು. ಮೋಟರ್ ಸದ್ದು ಮಾಡುವಷ್ಟು ಹೊತ್ತೂ ಗಾಢ ನಿದ್ದೆ. ಸದ್ದು ನಿಂತಿತೋ, ತಟ್ಟನೆ ಎದ್ದು ಕೂತಿರ್ತಿದ್ರು. ಸರ್ವರ್ ಕಾಯುವ ನಮ್ಮ ಅಲರ್ಟ್ ವ್ಯವಸ್ಥೆಗಳಿಗೆ ಇಷ್ಟು ಬುದ್ಧಿ ಇನ್ನೂ ಬಂದಿಲ್ಲ ಅನ್ನೋದೇ ನನ್ನ ತಕರಾರು.

ಎಷ್ಟೋ ಕಡೆ ಈ ಕಾವಲು ಇವತ್ತಿಗೂ ನಿಂತಿರೋದು 1988ರಲ್ಲಿ ಬಂದ ಎಸ್‌ಎನ್‌ಎಂಪಿ ಮೇಲೆ. ಕಾಯುವ ಯಂತ್ರವೇ ಆಗಾಗ 'ಹೇಗಿದ್ದೀಯ' ಅಂತ ವಿಚಾರಿಸೋದು ಪೋಲಿಂಗ್. ತೊಂದರೆಯಾದಾಗ ಸರ್ವರ್ ತಾನಾಗಿ ಕೂಗೋದು ಟ್ರ್ಯಾಪ್. ಟ್ರ್ಯಾಪ್ ಹೋಗೋದು ಯುಡಿಪಿಯಲ್ಲಿ, 162ನೇ ಪೋರ್ಟಿಗೆ. 'ತಲುಪಿತು' ಅನ್ನೋ ಉತ್ತರ ಬರಲ್ಲ. ದಾರಿಯಲ್ಲಿ ಕಳೆದುಹೋದ್ರೆ ಕಳಿಸಿದವನಿಗೂ ಗೊತ್ತಾಗಲ್ಲ, ಕಾಯ್ತಿದ್ದವನಿಗೂ ಗೊತ್ತಾಗಲ್ಲ.

ಒಂದು ಆನ್‌ಕಾಲ್ ರಾತ್ರಿ ನನ್ನ ಫೋನ್ ಒಂದ್ಸಲವೂ ಹೊಡ್ಕೊಳ್ಳಲಿಲ್ಲ. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎಬ್ಬಿಸಿದ್ದು ಗ್ರಾಹಕರ ಸಿಟ್ಟು. ಸ್ವಿಚ್ ಕೆಟ್ಟು ಇಡೀ ರ‍್ಯಾಕ್ ಸಂಪರ್ಕ ಕಳೆದುಕೊಂಡಿತ್ತು. ಟ್ರ್ಯಾಪ್ ಬರಬೇಕಾದ ದಾರಿಯೂ ಅದೇ ಸ್ವಿಚ್ಚು! ಪೋಲಿಂಗನ್ನು 'ಸುಮ್ನೆ ಲೋಡು' ಅಂತ ನಾವೇ ನಿಲ್ಲಿಸಿದ್ದೆವು.

ಹಾಗಾದ್ರೆ ತಪ್ಪು ಪ್ರೋಟೋಕಾಲಿನದಾ? ಪೂರ್ತಿ ಅಲ್ಲ. 1990ರ ಆರ್‌ಎಫ್‌ಸಿ 1157 ತೆಗೆದು ನೋಡಿ. ಟ್ರ್ಯಾಪ್‌ಗಳು ಕೆಲವೇ ಇರಬೇಕು, ಯಾವಾಗ ಎಲ್ಲಿ ಪೋಲಿಂಗ್ ಮಾಡಬೇಕು ಅನ್ನೋದಕ್ಕೆ ಅವು ಸುಳಿವಾಗಬೇಕು ಅನ್ನೋದು ಅದರ ಆಶಯ. ಸುಳಿವನ್ನೇ ಕಾವಲು ಅಂದ್ಕೊಂಡಿದ್ದು ನಾವು. ಎರಡನೇ ಆವೃತ್ತಿಯಲ್ಲಿ ಉತ್ತರ ಕೇಳುವ 'ಇನ್‌ಫಾರ್ಮ್' ಬಂತು, ನಿಜ. ಆದ್ರೆ ಅದನ್ನು ಕಳಿಸೋಕೂ ಸರ್ವರ್ ಬದುಕಿರಬೇಕಲ್ಲ?

ಇನ್ನೊಂದು ಕಡೆ, ಸಿಪಿಯು 90% ಮುಟ್ಟಿದ್ದಕ್ಕೆಲ್ಲ ಮೇಲ್. ರಾತ್ರಿ ಬ್ಯಾಕಪ್ ಓಡುವಾಗ ಸಿಪಿಯು ಏರೋದು ಕಾಯಿಲೆಯಲ್ಲ, ದುಡಿಮೆ. ಇಂಥವನ್ನೆಲ್ಲ ಫಿಲ್ಟರ್ ಹಾಕಿ ಒಂದು ಫೋಲ್ಡರಿಗೆ ತಳ್ತೀವಿ. ನಿಜವಾದ ಅಲರ್ಟೂ ಅಲ್ಲೇ ಹೂತುಹೋಗುತ್ತೆ. 2016ರಲ್ಲಿ ಬಂದ ಗೂಗಲ್‌ನವರ ಎಸ್‌ಆರ್‌ಇ ಪುಸ್ತಕ ಮುಖ್ಯವಾಗಿ ನಾಲ್ಕನ್ನು ಅಳೆಯಿರಿ ಅನ್ನುತ್ತೆ: ಉತ್ತರಕ್ಕೆ ಹಿಡಿಯುವ ಹೊತ್ತು, ಬರುವ ಟ್ರಾಫಿಕ್, ಎರರ್‌ಗಳು, ಸಾಮರ್ಥ್ಯದಲ್ಲಿ ಎಷ್ಟು ತುಂಬಿದೆ ಅನ್ನೋದು. ಒಪ್ಪಿದೆ. ಜೊತೆಗೆ ಸರ್ವರ್ ನಿಮಿಷಕ್ಕೊಮ್ಮೆ 'ಇದ್ದೀನಿ' ಅನ್ನಲಿ. ಆ ದನಿ ನಿಂತ ಕೂಡಲೇ, ಬೇರೆ ನೆಟ್‌ವರ್ಕಿನಲ್ಲಿ ಕೂತ ಇನ್ನೊಂದು ಯಂತ್ರ ನಮ್ಮನ್ನು ಎಬ್ಬಿಸಲಿ.

ನಾಳೆ ಆಫೀಸಿನಲ್ಲಿ ಒಂದು ಟೆಸ್ಟ್ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ. ಯಾರ ಫೋನಾದರೂ ಹೊಡ್ಕೊಳ್ಳುತ್ತಾ?